ಮೂವತ್ತೆಂಟು ಸಾವಿರದ ಪುಟ

"ಇದು ನಿಮ್ಮ ಸಹಿ ತಾನೆ?"

ಅವಳು ಸರ್ವಿಸ್ ಪುಸ್ತಕವನ್ನು ಮೇಜಿನ ಮೇಲೆ ತಿರುಗಿಸಿ ಸೀಲಪ್ಪನವರ ಕಡೆ ಸರಿಸಿದಳು. ಅಂಗೈ ಅಗಲದ ಪುಸ್ತಕ. ರಟ್ಟಿನ ಅಂಚು ಸವೆದು ಒಳಗಿನ ನೂಲು ಕಾಣುತ್ತಿತ್ತು. ಸೀಲಪ್ಪ ಜೇಬು ತಡಕಿದರು, ಟಿವಿಯ ಮೇಲೆ ನೋಡಿದರು, ಕಿಟಕಿಯವರೆಗೂ ಹೋಗಿ ಬಂದರು.

"ಕನ್ನಡಕ ಹಣೆ ಮೇಲಿದೆ," ಎಂದಳು.

"ಗೊತ್ತು. ಅಲ್ಲೇ ಇದೆಯಾ ಅಂತ ನೋಡ್ತಿದ್ದೆ."

ಅವಳು ನಗಲಿಲ್ಲ, ಆದರೆ ನಗು ತಡೆದದ್ದು ಕಾಣಿಸಿತು. ಸೀಲಪ್ಪ ಕನ್ನಡಕ ಇಳಿಸಿ ಪುಟ ನೋಡಿದರು. ದಿನಾಂಕ, ಗಾಡಿ ಓಡಿದ ಕಿಲೋಮೀಟರು, ಮಾಡಿದ ಕೆಲಸ. ಕೆಳಗೆ ಶೋರೂಮಿನ ಸೀಲು, ಅದರ ಗೆರೆಗೆ ತಗಲದಂತೆ ಪಕ್ಕದಲ್ಲಿ ದುಂಡಗಿನ ಸಹಿ. ಮೂವತ್ತೊಂದು ವರ್ಷ ಅವರು ಅಲ್ಲಿ ಸರ್ವಿಸ್ ಅಡ್ವೈಸರ್ ಆಗಿದ್ದರು. ಸೀಲು ಕೂದಲೆಳೆಯಷ್ಟು ವಾಲಿದರೂ ಮನುಷ್ಯನಿಗೆ ಆವತ್ತು ಊಟ ಸೇರುವುದಿಲ್ಲ ಎಂದು ಮೆಕ್ಯಾನಿಕ್ಕುಗಳು ಆಡಿಕೊಳ್ಳುತ್ತಿದ್ದರು. ಸೀಲಪ್ಪ ಎಂಬ ಹೆಸರು ಅಂಟಿದ್ದು ಹಾಗೆ. ಶೋರೂಮು ಮುಚ್ಚಿ ಒಂಬತ್ತು ವರ್ಷವಾಗಿತ್ತು, ಅಲ್ಲಿ ಈಗ ಸೋಫಾ ಮಾರುತ್ತಾರೆ. ಹೆಸರು ಉಳಿದಿತ್ತು, ಕರೆಯುವವರು ಉಳಿದಿರಲಿಲ್ಲ.

"ನಂದೇ," ಎಂದರು. "ಆರೂ ನಂದೇ."

ಅವಳು ತನ್ನ ನೋಟ್‌ಬುಕ್ಕಿನಲ್ಲಿ ಆರು ಗೆರೆಗಳ ಮುಂದೆ ಗುರುತು ಹಾಕಿಕೊಂಡಳು. ನಲವತ್ತರ ಹತ್ತಿರದ ಹೆಣ್ಣುಮಗಳು. ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಎಂಟು ತಿಂಗಳ ಹಿಂದೆ ಹತ್ತೊಂಬತ್ತು ವರ್ಷ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದಳು. ಅಂದಿನಿಂದ ಅದರ ಜಾತಕ ಹುಡುಕುವುದೇ ಅವಳ ರಜಾದಿನಗಳ ಕೆಲಸ. ಪುಸ್ತಕದಲ್ಲಿದ್ದ ಸಹಿಯನ್ನು ನಾಲ್ಕು ಬಿಡಿಭಾಗದ ಅಂಗಡಿಗಳಲ್ಲಿ ತೋರಿಸಿದ್ದಳು. ನಾಲ್ಕನೆಯ ಅಂಗಡಿಯ ಮುದುಕ, "ಇಷ್ಟು ನೀಟಾಗಿ ಸಹಿ ಹಾಕೋನು ಒಬ್ನೇ," ಎಂದು ನಂಬರು ಕೊಟ್ಟಿದ್ದ. ಅವಳು ಫೋನು ಮಾಡಿದ ಮೇಲೆ ಸೀಲಪ್ಪ ಎರಡನೆಯ ಕುರ್ಚಿಯ ಮೇಲಿದ್ದ ಹಳೇ ಪೇಪರುಗಳನ್ನು ಇಳಿಸಿ, ಕುರ್ಚಿ ಒರೆಸಿ ಇಟ್ಟಿದ್ದರು. ಹೆಂಡತಿ ಹೋದ ಮೇಲೆ ಆ ಕುರ್ಚಿಯಲ್ಲಿ ಪೇಪರಿನ ಹೊರತು ಯಾರೂ ಕೂತಿರಲಿಲ್ಲ.

ಅವಳು ಫೈಲಿನಿಂದ ಒಂದು ಹಾಳೆ ತೆಗೆದಳು. ಚಾಸಿ ನಂಬರು ಬರೆದು ಕಳಿಸಿದ್ದಕ್ಕೆ ಕಾರು ತಯಾರಿಸಿದ ಕಂಪನಿ ಕೊಟ್ಟ ಉತ್ತರ. ಯಾವ ದಿನ ತಯಾರಾಯಿತು, ಎಂಜಿನ್ ನಂಬರೇನು, ಸೀಟಿನ ಚರ್ಮ ಯಾವ ಬಣ್ಣ, ಎಲ್ಲ ಅದರಲ್ಲಿತ್ತು.

"ರೇಡಿಯೋ ಇಲ್ಲದೆ ಆರ್ಡರ್ ಮಾಡಿದಾರೆ ನೋಡಿ. ಅಷ್ಟು ದೊಡ್ಡ ಗಾಡಿಗೆ ರೇಡಿಯೋ ಬೇಡ ಅನ್ನೋರು ಯಾರು?"

"ಡಾಕ್ಟ್ರು. ಕಣ್ಣಿನ ಡಾಕ್ಟ್ರು," ಎಂದರು ಸೀಲಪ್ಪ. "ದಿನವಿಡೀ ಜನರ ಮಾತು ಕೇಳ್ತೀನಿ, ಗಾಡೀಲಿ ಕೂತಾಗಲೂ ಇನ್ನೊಬ್ಬ ಮಾತಾಡೋದು ಬೇಡ ಅಂದ್ರು. ರೇಡಿಯೋ ಜಾಗಕ್ಕೆ ಒಂದು ಮುಚ್ಚಳ ಬರುತ್ತೆ, ಅದನ್ನ ತರಿಸೋಕೆ ಎರಡು ತಿಂಗಳು ಹಿಡೀತು. ರೇಡಿಯೋ ಆದ್ರೆ ಎರಡೇ ದಿನ."

ಈ ಸಲ ಅವಳು ನಕ್ಕಳು. ಆ ನಗು ಕೇಳಿ ಸೀಲಪ್ಪನವರಿಗೆ ಇನ್ನೂ ಏನಾದರೂ ನೆನಪಿಸಿಕೊಳ್ಳಬೇಕು ಅನ್ನಿಸಿತು.

"ಇನ್ನೊಂದು," ಎಂದು ಅವಳು ಹಾಳೆಯ ಮೇಲೆ ಬೆರಳಿಟ್ಟಳು. "ಬಣ್ಣ ಕಡು ಹಸಿರು ಅಂತಿದೆ. ನನ್ನ ಗಾಡಿ ಕಪ್ಪು. ಡಿಕ್ಕಿಯ ಕಾರ್ಪೆಟ್ ಎತ್ತಿ ಮೂಲೆಯಲ್ಲಿ ಕೆರೆದು ನೋಡಿದೆ, ಕೆಳಗೆ ಹಸಿರೇ ಇದೆ. ಯಾವಾಗ ಕಪ್ಪಾಯ್ತು, ಯಾಕಾಯ್ತು, ಪುಸ್ತಕದಲ್ಲಿ ಎಲ್ಲೂ ಇಲ್ಲ. ಮೂವತ್ತೆಂಟು ಸಾವಿರ ಕಿಲೋಮೀಟರಿನ ಪುಟದಲ್ಲಿ ಮಾತ್ರ 'ಮುಂದಿನ ಬಂಪರಿಗೆ ಬಣ್ಣ' ಅಂತ ಬರೆದಿದೀರಿ. ನೆನಪಿದೆಯಾ?"

ಸೀಲಪ್ಪ ಪುಟ ನೋಡಿದರು. ಸೀಲು ನೆಟ್ಟಗಿತ್ತು.

"ಹಸಿರು ಬೇಜಾರಾಯ್ತು ಅಂದ್ರು ಡಾಕ್ಟ್ರು. ಪೂರ್ತಿ ಕಪ್ಪು ಮಾಡಿಸಿದ್ರು. ಆಮೇಲೆ ಮಾರಿಬಿಟ್ರು."

ಮಾತು ಎಷ್ಟು ಸಲೀಸಾಗಿ ಬಂತೆಂದರೆ ಹದಿನೈದು ವರ್ಷ ನಾಲಿಗೆಯ ತುದಿಯಲ್ಲೇ ಕಾದು ಕೂತಿತ್ತೇನೋ. ಅವಳು ಅದನ್ನು ಅಕ್ಷರ ಬಿಡದೆ ಬರೆದುಕೊಂಡಳು. ಕೆಳಗೆ ದಿನಾಂಕ ಹಾಕಿದಳು. ಸೀಲಪ್ಪ ಅವಳ ಪೆನ್ನಿನ ತುದಿಯನ್ನೇ ನೋಡುತ್ತಿದ್ದು, ಆಮೇಲೆ ಎದ್ದು ಚಹಾಕ್ಕೆ ನೀರಿಟ್ಟರು.

ಮುಂದಿನ ಭಾನುವಾರವೂ ಅವಳು ಬಂದಳು, ಅದರ ಮುಂದಿನದಕ್ಕೂ ಬಂದಳು. ಗಾಡಿಯನ್ನು ಕಾರ್ಖಾನೆಯಿಂದ ಬಂದ ಹಾಗೇ ಮಾಡಬೇಕೆಂಬುದು ಅವಳ ಹಟ. ಮೂರನೆಯ ಒಡೆಯ ಹಾಕಿಸಿದ್ದ ಸ್ಟೀರಿಂಗ್ ಚಕ್ರ ತೆಗೆಯಬೇಕು, ಚಕ್ರದ ಮುಚ್ಚಳಗಳು ಯಾವ ಮಾದರಿಯವು, ಬಾಗಿಲ ಒಳಗಿನ ಹಿಡಿಕೆ ಉಕ್ಕಿನದೋ ಪ್ಲಾಸ್ಟಿಕ್ಕಿನದೋ, ಇಂಥ ಪ್ರಶ್ನೆಗಳ ಪಟ್ಟಿಯೇ ಬರುತ್ತಿತ್ತು. ಸೀಲಪ್ಪ ವಾರವಿಡೀ ಅವಕ್ಕೆ ಉತ್ತರ ಜೋಡಿಸುತ್ತಿದ್ದರು. ಭಾನುವಾರ ಬೆಳಿಗ್ಗೆ ಶರ್ಟಿಗೆ ಇಸ್ತ್ರಿ ಹಾಕಿ, ಬೇಕರಿಯಿಂದ ಬಿಸ್ಕತ್ತು ತಂದು, ಕಿಟಕಿಯಲ್ಲಿ ನಿಲ್ಲುತ್ತಿದ್ದರು. ಮೂರನೆಯ ಮಹಡಿಯಿಂದ ನೋಡಿದರೆ ಆ ಗಾಡಿ ಬೀದಿಯ ಉಳಿದ ಗಾಡಿಗಳ ನಡುವೆ ನುಸುಳಿಕೊಂಡು ಬರುವುದು ಸೊಗಸಾಗಿ ಕಾಣುತ್ತಿತ್ತು. ತಿಂಗಳಿಗೊಮ್ಮೆ ಫೋನು ಮಾಡಿ, ಊಟ ಆಯ್ತಾ, ಬಿ.ಪಿ. ಮಾತ್ರೆ ತಗೊಂಡ್ರಾ ಎಂದು ಎರಡೇ ಪ್ರಶ್ನೆ ಕೇಳುವ ನಾದಿನಿ ಆ ಸಲ, "ಏನು ಭಾವ, ದನಿ ಗೆಲುವಾಗಿದೆ," ಎಂದು ಮೂರನೆಯದನ್ನೂ ಕೇಳಿದಳು.

ಒಂದು ಭಾನುವಾರ ಬಣ್ಣ ಬೆರೆಸುವವನ ಅಂಗಡಿಗೆ ಹೋದರು. ಸೀಲಪ್ಪ ಪಕ್ಕದ ಸೀಟಿನಲ್ಲಿ, ನೆಲಕ್ಕೆ ಅಷ್ಟು ಹತ್ತಿರ, ಮಂಡಿ ಎದೆಗೆ ತಾಗುವಂತೆ ಕೂತಿದ್ದರು. ಅಂಥ ಗಾಡಿಗಳನ್ನು ವರ್ಕ್‌ಶಾಪಿನೊಳಗೆ ಐದಡಿ ಹಿಂದೆ, ಐದಡಿ ಮುಂದೆ ಓಡಿಸಿದ್ದೇ ಹೊರತು ಅದರಲ್ಲಿ ಊರು ಸುತ್ತಿದವರಲ್ಲ.

"ಅಕ್ಕ ಕೇಳ್ತಾಳೆ, ಎರಡೇ ಸೀಟಿನ ಗಾಡಿ ಯಾಕೆ ತಗೊಂಡೆ ಅಂತ," ಎಂದಳು ಅವಳು ಗೇರು ಬದಲಿಸುತ್ತ. "ಎರಡನೇದೇ ಖಾಲಿ ಇರುತ್ತೆ, ಇನ್ನು ನಾಲ್ಕು ಇಟ್ಕೊಂಡು ಏನ್ ಮಾಡಲಿ ಅಂದೆ. ಆಮೇಲೆ ಕೇಳಿಲ್ಲ."

ಸೀಲಪ್ಪ ಅವಳ ಕಾಲಡಿಯ ಪೆಡಲುಗಳ ಕಡೆ ನೋಡಿದರು. "ಕ್ಲಚ್ಚು ಸ್ವಲ್ಪ ಮೇಲೆ ಹಿಡೀತಿದೆ," ಎಂದರು.

"ಹೌದಲ್ವಾ? ನನಗೂ ಅನ್ನಿಸ್ತು."

ಅಂಗಡಿಯಲ್ಲಿ ಬಣ್ಣದವನು ಆರು ಹಸಿರುಗಳನ್ನು ತಗಡಿನ ಚೂರುಗಳ ಮೇಲೆ ಬಳಿದು ಕೊಟ್ಟ. ಸೀಲಪ್ಪ ಒಂದೊಂದನ್ನೂ ಬಿಸಿಲಿಗೆ ಒಯ್ದು, ವಾಲಿಸಿ ನೋಡಿ, ಇದಕ್ಕೆ ಹಳದಿ ಜಾಸ್ತಿ, ಇದು ಮಿಲಿಟರಿ ಜೀಪು, ಇದು ಸ್ಕೂಲ್ ಬೆಂಚು ಎಂದು ಐದನ್ನು ಬದಿಗಿಟ್ಟರು. ಆರನೆಯದನ್ನು ಬಹಳ ಹೊತ್ತು ಹಿಡಿದಿದ್ದರು. "ಇದು," ಎಂದರು. ಅವಳು ಆ ಚೂರನ್ನು ಕರವಸ್ತ್ರದಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡಳು. ವಾಪಸು ಬರುವ ದಾರಿಯುದ್ದಕ್ಕೂ ಸೀಲಪ್ಪನವರಿಗೆ ಸಂತೋಷವಾಗುತ್ತಿತ್ತು. ಅವಳ ಚೀಲದ ಕಡೆ ಮಾತ್ರ ನೋಡಲಿಲ್ಲ.

ಐದನೆಯ ಭಾನುವಾರ ಅವಳು ಟೈಪು ಮಾಡಿಸಿದ ಒಂದು ಹಾಳೆ ತಂದಳು.

"ಹಳೇ ಗಾಡಿಗಳ ಸಂಘದವರದು ಶುಕ್ರವಾರದಿಂದ ರ‍್ಯಾಲಿ. ಬೆಟ್ಟದ ದಾರಿ, ಮೂರು ದಿನ. ಬಣ್ಣ ಆಮೇಲೆ ಮಾಡಿಸಿದರೂ ನಡೆಯುತ್ತೆ ಅಂದ್ರು. ಆದರೆ ಮೂಲ ಸ್ಥಿತಿ ಅನ್ನೋ ಪಟ್ಟಿಗೆ ಸೇರಿಸಬೇಕಾದ್ರೆ ಸರ್ವಿಸ್ ಮಾಡಿದವರ ಸಹಿ ಬೇಕಂತೆ. ನೀವು ಬಿಟ್ರೆ ನನಗೆ ಯಾರೂ ಇಲ್ಲ."

ಸೀಲಪ್ಪ ಓದಿದರು. ಮೇಲ್ಕಂಡ ವಾಹನವನ್ನು ಮೊದಲ ನಾಲ್ಕು ವರ್ಷ ನಾನು ಬಲ್ಲೆ. ಅದರ ಚಾಸಿ ಕಾರ್ಖಾನೆಯದೇ ಆಗಿದ್ದು, ನನ್ನ ಅರಿವಿನಲ್ಲಿ ಯಾವುದೇ ಅಪಘಾತಕ್ಕೆ ಒಳಗಾಗಿಲ್ಲ. ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ಅವರ ಹುದ್ದೆ. ಅವಳು ಪೆನ್ನಿನ ಮುಚ್ಚಳ ತೆಗೆದು ಹಾಳೆಯ ಪಕ್ಕ ಇಟ್ಟಳು. ಬಿಸ್ಕತ್ತಿಗೆ ಕೈ ಹಾಕಿದಳು.

ಸೀಲಪ್ಪ ಪೆನ್ನು ಮುಟ್ಟಲಿಲ್ಲ. "ಬೆಟ್ಟದ ದಾರಿ ಅಂದ್ರಾ?"

"ಹೂಂ. ತಿರುವುಗಳು ಚೆನ್ನಾಗಿವೆಯಂತೆ."

"ನಿಧಾನ ಹೋಗ್ತೀರಾ?"

"ನಿಧಾನ ಹೋಗೋಕೆ ಬಸ್ಸಿದೆಯಲ್ಲ."

ಅವರು ಎದ್ದು ಅಡುಗೆಮನೆಗೆ ಹೋದರು. ನಲ್ಲಿ ತಿರುಗಿಸಿದರು, ನಿಲ್ಲಿಸಿದರು. ಸಹಿ ಹಾಕಿಬಿಟ್ಟರೆ ಮುಂದಿನ ಭಾನುವಾರ ಅವಳು ರ‍್ಯಾಲಿಯ ಕಥೆ ಹೇಳಲು ಬರುತ್ತಾಳೆ. ಅದರ ಮುಂದಿನ ಭಾನುವಾರ ಬಣ್ಣದ ಕೆಲಸ. ಹಾಗೇ ಮಳೆಗಾಲದವರೆಗೂ ನಡೆಯುತ್ತದೆ. ಕಪ್ಪಾದ ಮೇಲೆ ಹದಿನೈದು ವರ್ಷ ಓಡಿದ ಗಾಡಿ ಇನ್ನು ಮೂರು ದಿನ ಓಡುವುದಿಲ್ಲವೇ? ಅವರು ಒದ್ದೆಯಿಲ್ಲದ ಕೈಯನ್ನು ಟವೆಲಿಗೆ ಒರೆಸಿಕೊಂಡು ಬಂದು ಕೂತರು.

"ಆ ಗಾಡಿ ಗುದ್ದಿತ್ತು," ಎಂದರು.

ಅವಳು ಬಿಸ್ಕತ್ತನ್ನು ತಟ್ಟೆಗೆ ವಾಪಸಿಟ್ಟಳು.

"ಬೆಳಗಿನ ಜಾವ ಡಾಕ್ಟ್ರು ಫೋನ್ ಮಾಡಿದ್ರು. ಸೇತುವೆ ಹತ್ರ, ಎಡಗಡೆ ಗೋಡೆಗೆ. ರಸ್ತೆ ನೆಟ್ಟಗಿತ್ತು, ಎದುರಿಗೆ ಯಾರೂ ಇರಲಿಲ್ಲ. ನಾನು ಹೋದಾಗ ಗೋಡೆ ಮೇಲೇ ಕೂತಿದ್ರು. ಏನಾಯ್ತು ಸಾರ್ ಅಂದೆ. ಗೋಡೆ ಕಾಣಲಿಲ್ಲ ಅಂದ್ರು. ಒಂದು ವರ್ಷದಿಂದ ಪಕ್ಕದ್ದೆಲ್ಲ ಮುಚ್ಕೊಂಡು ಬರ್ತಿದೆ, ನೇರ ಮಾತ್ರ ಕಾಣುತ್ತೆ ಅಂದ್ರು. ಕಣ್ಣಿನ ಡಾಕ್ಟ್ರು. ಯಾರಿಗೆ ಹೇಳ್ತಾರೆ ಅದನ್ನ?"

ಅವಳು ಪೆನ್ನಿಗೆ ಮುಚ್ಚಳ ಹಾಕಿದಳು.

"ಒಂದು ತಿಂಗಳು ಸುಮ್ಮನಿರು, ರೋಗಿಗಳನ್ನೆಲ್ಲ ಬೇರೆಯವರಿಗೆ ಒಪ್ಪಿಸ್ತೀನಿ, ಚಾಕು ಮುಟ್ಟಲ್ಲ ಅಂದ್ರು. ಮುಟ್ಟಲಿಲ್ಲ. ಆಮೇಲೆ ಕಾಲೇಜಿನಲ್ಲಿ ಪಾಠ ಹೇಳ್ಕೊಂಡಿದ್ರು, ಈಗ ತೀರಿಕೊಂಡಿದಾರೆ. ಎಂಜಿನ್ ಹೊರೋ ಎಡಗಡೆ ತೊಲೆ ಬಗ್ಗಿತ್ತು. ನಮ್ಮ ವೆಲ್ಡರು ಮೂರು ಭಾನುವಾರ ಬಾಗಿಲು ಹಾಕ್ಕೊಂಡು ಅದನ್ನ ನೆಟ್ಟಗೆ ಮಾಡಿ, ಒಳಗೊಂದು ತಗಡು ಕೂರಿಸಿ ಬೆಸೆದ. ಮುಂಭಾಗಕ್ಕೆ ಹಸಿರು ಹಚ್ಚಿದ್ವಿ, ಬಿಸಿಲಿಗೆ ಮಾಸಿದ ಹಿಂಭಾಗಕ್ಕೆ ಅದು ಹೊಂದಲೇ ಇಲ್ಲ. ಅದಕ್ಕೆ ಪೂರ್ತಿ ಕಪ್ಪು. ಮಾರೋವಾಗ ತಗೊಂಡವರಿಗೆ ಹೇಳಲಿಲ್ಲ. ಪುಸ್ತಕದಲ್ಲಿ ಬಂಪರಿಗೆ ಬಣ್ಣ ಅಂತ ನಾನೇ ಬರೆದೆ."

"ಯಾಕೆ?"

"ನನ್ನ ಹೆಂಡತಿ ಬಟ್ಟೆ ಹೊಲೀತಿದ್ಲು. ಒಂದು ಕಣ್ಣಿನ ಒಳಗಿನ ಪರದೆ ಕಿತ್ಕೊಂಡು ಬಂದಿತ್ತು. ಆಪರೇಷನ್ ಮಾಡಿದವರು ಅವರೇ. ಹನ್ನೆರಡು ದಿನ ಬೋರಲು ಮಲಗಿರಬೇಕಿತ್ತು. ನೋಡೋಕೆ ಅವರೇ ಮನೆಗೆ ಬರ್ತಿದ್ರು, ನೆಲದ ಮೇಲೆ ಮಲಗಿ ಕೆಳಗಿಂದ ಕಣ್ಣು ನೋಡೋರು. ಹಾಗೆ ಮಲಗಿದವರನ್ನ ನಾನು ನೋಡಿದೀನಿ. ಗುದ್ದಿದ್ದು ಬರೆದ್ರೆ ಅವರ ಕಣ್ಣಿನ ವಿಷಯ ಹೊರಗೆ ಬರುತ್ತೆ, ಹೇಗೆ ಬರೀಲಿ? ಅವಳಿಗೂ ಹೇಳಲಿಲ್ಲ ನಾನು. ಅವಳು ಸೂಜಿಗೆ ದಾರ ಪೋಣಿಸೋವಾಗೆಲ್ಲ ಹೇಳೋಣ ಅನ್ಸೋದು. ಹೇಳಲಿಲ್ಲ."

ಕೆಳಗೆ ಬೀದಿಯಲ್ಲಿ ಯಾರೋ ಸ್ಕೂಟರು ಒದೆಯುತ್ತಿದ್ದರು. ಅದು ಕೊನೆಗೂ ಹತ್ತಿಕೊಂಡಿತು.

"ತೋರಿಸಿ," ಎಂದಳು ಅವಳು.

ಇಳಿದು ಹೋದರು. ಸೀಲಪ್ಪ ರಸ್ತೆಯ ಮೇಲೆ ಮಂಡಿಯೂರಿ, ಎಡ ಚಕ್ರದ ಹಿಂದಿನ ಪ್ಲಾಸ್ಟಿಕ್ ಹೊದಿಕೆಯನ್ನು ಬಗ್ಗಿಸಿ ಹಿಡಿದು ಟಾರ್ಚು ಬಿಟ್ಟರು. ಅವಳು ಪಕ್ಕದಲ್ಲೇ ಕೂತು ಕೈ ಒಳಗೆ ಹಾಕಿದಳು. ಬೆಸುಗೆಯ ಉಬ್ಬು ಅವಳ ಬೆರಳಿಗೆ ಸಿಕ್ಕಿದ್ದು ಅವಳ ಮುಖದಲ್ಲಿ ಗೊತ್ತಾಯಿತು. ಅದರ ಉದ್ದಕ್ಕೂ ಬೆರಳು ಎಳೆದಳು, ಎರಡು ಸಲ. ದಿನಕ್ಕೆ ನಲವತ್ತು ಐವತ್ತು ಮೂಳೆ ನೋಡುವವಳು; ಯಾವುದು ಕೂಡಿದ್ದು, ಯಾವುದು ಕೂಡದ್ದು ಅವಳಿಗೆ ಯಾರೂ ವಿವರಿಸಬೇಕಿರಲಿಲ್ಲ.

"ನಾಲ್ಕು ಭಾನುವಾರ ನನ್ನೆದುರು ಕೂತಿದ್ರಿ," ಎಂದಳು, ಕೈ ಒರೆಸಿಕೊಳ್ಳುತ್ತ. "ಬಾಗಿಲ ಹಿಡಿಕೆ ಉಕ್ಕಿಂದೋ ಪ್ಲಾಸ್ಟಿಕ್ಕಿಂದೋ ಅಂತ ಅರ್ಧ ಗಂಟೆ ಹೇಳಿದ್ರಿ."

"ಮೊದಲ ದಿನವೇ ಹೇಳಿದ್ರೆ ನೀವು ಮತ್ತೆ ಬರ್ತಿರಲಿಲ್ಲ."

ಅವಳು ಅವರನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡರು ಸೀಲಪ್ಪ. ಬೈದಿದ್ದರೆ ನಿಲ್ಲುವುದು ಸುಲಭವಿತ್ತು. ಅವಳು ಗಾಡಿ ಹತ್ತಿ, ಕನ್ನಡಿ ಸರಿ ಮಾಡಿಕೊಂಡು, ಬಹಳ ನಿಧಾನವಾಗಿ ಬೀದಿಯ ತುದಿಯವರೆಗೆ ಹೋಗಿ ತಿರುವಿನಲ್ಲಿ ಮರೆಯಾದಳು. ಸಹಿಯಿಲ್ಲದ ಹಾಳೆ ಮಹಡಿಯ ಮನೆಯಲ್ಲಿ ಮೇಜಿನ ಮೇಲೇ ಉಳಿದಿತ್ತು.

ಆ ಶುಕ್ರವಾರ ಸೀಲಪ್ಪ ಎರಡು ಸಲ ಫೋನು ಕೈಗೆತ್ತಿಕೊಂಡು ಕೆಳಗಿಟ್ಟರು. ಭಾನುವಾರ ಶರ್ಟಿಗೆ ಇಸ್ತ್ರಿ ಹಾಕಿದರು, ಬಿಸ್ಕತ್ತು ತಂದರು. ಮುಂದಿನ ಭಾನುವಾರ ಬೇಕರಿಯವನು ಕೇಳದೆಯೇ ಪೊಟ್ಟಣ ಕಟ್ಟಿಕೊಟ್ಟ. ಬೇಡವೆನ್ನಲು ನಾಚಿಕೆಯಾಗಿ ತಂದರು. ಮೂರನೆಯ ಭಾನುವಾರ ಆ ದಾರಿಯಲ್ಲೇ ಹೋಗಲಿಲ್ಲ. ಪೇಪರು ಓದಿ ಮುಗಿಸಿದ ಮೇಲೆ ಎಲ್ಲಿಡುವುದು ಎಂದು ಅದನ್ನು ಕೈಯಲ್ಲೇ ಹಿಡಿದು ಒಂದಿಷ್ಟು ಹೊತ್ತು ನಿಂತಿದ್ದು, ಕೊನೆಗೆ ಮಂಚದ ಕೆಳಗೆ ತಳ್ಳಿದರು. ನಾದಿನಿಯ ಫೋನು ಬಂದಾಗ, ಊಟ ಆಯಿತು, ಮಾತ್ರೆಯೂ ಆಯಿತು ಎಂದರು.

ಬುಧವಾರ ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಗಂಡು ದನಿ, ಹಿಂದೆ ಸುತ್ತಿಗೆಯ ಸದ್ದು.

"ಎಕ್ಸ್‌ರೇ ಮೇಡಂ ನಂಬರ್ ಕೊಟ್ರು. ನಾನು ಚಾಸಿ ಕೆಲಸದವನು. ಈ ಎಡಗಡೆ ತೊಲೆ ಒಳಗೆ ಕೂರಿಸಿದಾರಲ್ಲ ತಗಡು, ಅದು ಎಲ್ಲಿಂದ ಎಲ್ಲಿವರೆಗೆ ಇದೆ ಅಂತ ಗೊತ್ತಾ? ಹೊರಗಿಂದ ಕಾಣಲ್ಲ. ಕುರುಡನ ಹಾಗೆ ಕೊಯ್ಯೋಕೆ ನನಗಿಷ್ಟ ಇಲ್ಲ."

"ಫೋನಲ್ಲಿ ಹೇಳೋಕಾಗಲ್ಲ," ಎಂದರು ಸೀಲಪ್ಪ. "ನಾನೇ ಬರ್ತೀನಿ. ಕೈ ಹಚ್ಚಬೇಡಿ."

ಎರಡು ಬಸ್ಸು ಬದಲಿಸಿ ಹೋದರು. ಊರಿನ ಅಂಚಿನಲ್ಲಿ ತಗಡಿನ ಛಾವಣಿಯ ಉದ್ದನೆಯ ಶೆಡ್ಡು. ಗಾಡಿ ಚಾಸಿ ಅಳೆಯುವ ಉಕ್ಕಿನ ಬೆಂಚಿನ ಮೇಲೆ ಏರಿತ್ತು. ಮೂತಿಯಿಲ್ಲ, ದೀಪಗಳಿಲ್ಲ, ಎಂಜಿನ್ ಪಕ್ಕದ ಮೇಜಿನ ಮೇಲೆ ಬೇರೆಯಾಗಿ ಕೂತಿತ್ತು. ಚಾಸಿಯವನು ಐವತ್ತರ ಗಟ್ಟಿಮುಟ್ಟಾದ ಆಳು. ಕೈಕುಲುಕುವ ಬದಲು ಟಾರ್ಚು ಕೊಟ್ಟ.

"ಮೇಲಿಂದ ಬೆಸುಗೆ ಚೆನ್ನಾಗೇ ಇದೆ, ಮಾಡಿದವನಿಗೆ ಕೈ ಇತ್ತು. ಆದರೆ ಒಳಗೆ ನೀರು ನಿಂತಿದೆ. ಇಲ್ಲಿ ನೋಡಿ." ಅವನು ಸ್ಕ್ರೂಡ್ರೈವರ್ ಒತ್ತಿದ, ಉಕ್ಕು ಬಿಸ್ಕತ್ತಿನ ಹಾಗೆ ಪುಡಿಯಾಗಿ ಉದುರಿತು. "ಇನ್ನೊಂದು ಪೆಟ್ಟು ಬಿದ್ದಿದ್ರೆ ಎಂಜಿನ್ನು ಮಡಿಲಿಗೇ ಬರ್ತಿತ್ತು."

ಸೀಲಪ್ಪ ಆ ಪುಡಿಯನ್ನು ನೋಡುತ್ತ ನಿಂತರು. ಬೆಟ್ಟ, ತಿರುವು, ಅವಳು ಗೇರು ಬದಲಿಸುತ್ತ ಮಾತಾಡುವ ರೀತಿ, ಎಲ್ಲ ಒಟ್ಟಿಗೆ ಕಣ್ಣಿಗೆ ಬಂತು. ಮಾರಿದ ಮೇಲೆ ಈ ಗಾಡಿಯಲ್ಲಿ ಹದಿನೈದು ವರ್ಷ ಓಡಾಡಿದ ಇನ್ನೂ ಮೂವರು ಇದ್ದರು. ಅವರ ಮುಖವೂ ಗೊತ್ತಿಲ್ಲ. ಅವರು ಮೇಜಿನ ಅಂಚು ಹಿಡಿದುಕೊಂಡರು.

"ಕೂರ್ತೀರಾ?"

"ಬೇಡ. ಸೀಮೆಸುಣ್ಣ ಇದೆಯಾ?"

ಅವರು ಕೋಟು ಕಳಚಿ, ಬೆಂಚಿನ ಕೆಳಗೆ ತೂರಿ, ತೊಲೆಯ ಮೇಲೆ ಗೆರೆ ಎಳೆದರು. ತಗಡು ಇಲ್ಲಿ ಶುರುವಾಗಿ ಇಲ್ಲಿ ಮುಗಿಯುತ್ತದೆ, ಇಲ್ಲಿ ಮಡಿಚಿದ್ದಾರೆ, ಈ ತೂತು ಕಾರ್ಖಾನೆಯದು, ಇದು ನಮ್ಮದು. ಮೂರು ಭಾನುವಾರವೂ ಅವರು ಆ ಮುಚ್ಚಿದ ಬಾಗಿಲ ಹಿಂದೆ ವೆಲ್ಡರನ ಪಕ್ಕದಲ್ಲೇ ನಿಂತಿದ್ದರು; ಒಂದು ಗೆರೆಯೂ ಮರೆತಿರಲಿಲ್ಲ. ಚಾಸಿಯವನು ಕೇಳಿದ, ಅಳೆದ, ತಲೆಯಾಡಿಸಿದ, ಕೊಯ್ದ. ಸಂಜೆಯ ಹೊತ್ತಿಗೆ ಹಳೆಯ ತುಂಡು ನೆಲದ ಮೇಲಿತ್ತು. ಹೊಸ ತೊಲೆ ಅದರ ಜಾಗದಲ್ಲಿ ಕ್ಲಾಂಪುಗಳ ನಡುವೆ ಕಾಯುತ್ತಿತ್ತು.

ಅವಳು ಡ್ಯೂಟಿ ಮುಗಿಸಿ ಬಂದಳು, ಆಸ್ಪತ್ರೆಯ ಬಿಳಿ ಕೋಟಿನಲ್ಲೇ. ಸೀಲಪ್ಪ ಬೆಂಚಿನ ಕೆಳಗಿಂದ ಎದ್ದು ಬಟ್ಟೆ ಕೊಡವಿಕೊಂಡರು. ಅವರ ಶರ್ಟಿನ ತೋಳು ಮೊಣಕೈವರೆಗೂ ಕರ‍್ರಗಾಗಿತ್ತು.

"ಬಂದಿದೀರಾ," ಎಂದಳು.

"ರ‍್ಯಾಲಿ?"

"ಹೋಗಲಿಲ್ಲ." ಅವಳು ನೆಲದ ಮೇಲಿನ ತುಂಡನ್ನು ಬೂಟಿನ ತುದಿಯಿಂದ ಹೊರಳಿಸಿದಳು. ಒಳಗಿಂದ ತುಕ್ಕು ಸುರಿಯಿತು. ಆಮೇಲೆ ಚೀಲದಿಂದ ಸರ್ವಿಸ್ ಪುಸ್ತಕ ತೆಗೆದಳು. "ಇದರಲ್ಲಿ ಬರೀಬೇಕು. ಅವತ್ತು ಏನಾಯ್ತು, ಏನು ಮಾಡಿದ್ರಿ, ಎಲ್ಲ. ಇವತ್ತಿಂದೂ ಬರೀಬೇಕು."

"ಡಾಕ್ಟ್ರ ಕಣ್ಣಿಂದು?"

ಅವಳು ಯೋಚಿಸಿದಳು. "ಅದು ಗಾಡಿಯ ವಿಷಯ ಅಲ್ಲ."

ಸೀಲಪ್ಪ ಕೈ ನೋಡಿಕೊಂಡರು, ಗ್ರೀಸು ಮೆತ್ತಿತ್ತು. ಪುಸ್ತಕವನ್ನು ಮುಟ್ಟಲಿಲ್ಲ. "ಕೈ ತೊಳ್ಕೊಂಡು ಬರೀತೀನಿ," ಎಂದರು. ಅವಳು ಅದನ್ನು ಕಂಕುಳಲ್ಲಿ ಹಿಡಿದು ನಿಂತಳು. ಕೋಪ ಹೋಗಿದೆಯೆಂದು ಅವಳ ಮುಖ ನೋಡಿ ಹೇಳುವಂತಿರಲಿಲ್ಲ. ಕೇಳುವ ಧೈರ್ಯ ಸೀಲಪ್ಪನವರಿಗೂ ಇರಲಿಲ್ಲ.

"ಬೆಸುಗೆ ಹೊಡೀತೀನಿ ಈಗ," ಎಂದು ಚಾಸಿಯವನು ಮುಖವಾಡ ಇಳಿಸಿಕೊಂಡ. "ಇಬ್ಬರೂ ಆ ಕಡೆ ತಿರುಗಿ. ಕಣ್ಣಿಗೆ ಒಳ್ಳೇದಲ್ಲ."

ಇಬ್ಬರೂ ಗೋಡೆಯ ಕಡೆ ತಿರುಗಿದರು. ಹಿಂದೆ ಬೆಸುಗೆ ಚಟಪಟ ಸದ್ದು ಮಾಡತೊಡಗಿತು. ಸುಣ್ಣ ಕಾಣದ ಗೋಡೆಯ ಮೇಲೆ ನೀಲಿ ಬೆಳಕು ಬಂದು ಬಂದು ಹೋಗುತ್ತಿತ್ತು. ಬಂದಾಗಲೆಲ್ಲ ಎರಡು ನೆರಳುಗಳು, ಒಂದು ಗಿಡ್ಡ, ಒಂದು ಉದ್ದ, ಪಕ್ಕಪಕ್ಕದಲ್ಲಿ ನಿಂತಿರುವುದು ಕಾಣುತ್ತಿತ್ತು.